ಪೆಟ್ಟು ಬಿದ್ದಾಗ ಕಾಣುವ ಕೆಲಸ: ಸ್ನಾಯು ಮತ್ತು ಮೈಕ್ರೊಆರ್‌ಎನ್‌ಎ

(ವಿಜ್ಞಾನದಲ್ಲಿ ಆಸಕ್ತಿ ಇರುವ ಒಂದು ಸಣ್ಣ ಬಳಗದ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನಲ್ಲಿ ಹಿಂದೆಮುಂದೆ ಆಗಿದ್ದನ್ನು ಸ್ವಲ್ಪ ಸರಿಮಾಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಷಯ ಮನುಷ್ಯರ ಸ್ನಾಯು, ಮತ್ತೆ ಅದರಲ್ಲಿ ಪ್ರೋಟೀನು ತಯಾರಿಯನ್ನು ತಗ್ಗಿಸುವ ಮೈಕ್ರೊಆರ್‌ಎನ್‌ಎ ಅನ್ನುವ ಪುಟ್ಟ ಚೂರುಗಳು. ಆದರೆ ಶುರು ಮಾಡುವುದು ಕುರಿಯಿಂದ.

ನೆದರ್‌ಲ್ಯಾಂಡ್ಸ್‌ನಲ್ಲಿ ಟೆಕ್ಸೆಲ್ ಅಂತ ಒಂದು ದ್ವೀಪ ಇದೆ. ಅಲ್ಲಿಯ ಕುರಿ ತಳಿಗೂ ಅದೇ ಹೆಸರು. ತೊಡೆ, ಸೊಂಟ ಎಲ್ಲ ತುಂಬಿಕೊಂಡಿರುತ್ತವೆ. ಕೊಬ್ಬು ಕಡಿಮೆ, ಮಾಂಸ ಜಾಸ್ತಿ. ಇದರ ಕಾರಣ ಹುಡುಕಲು ಹೊರಟವರು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಶೆಲ್ ಜಾರ್ಜ್ ಮತ್ತು ಅವರ ತಂಡ. ಅನುಮಾನ ಮೊದಲಿನಿಂದಲೂ ಒಂದು ಜೀನಿನ ಮೇಲಿತ್ತು. ಮಯೊಸ್ಟಾಟಿನ್ ಅಂತ ಒಂದು ಪ್ರೋಟೀನು ಇದೆ. ಸ್ನಾಯು ಅಳತೆ ಮೀರಿ ಬೆಳೆಯದಂತೆ ತಡೆಯುವುದು ಅದರ ಕೆಲಸ. 1997ರಲ್ಲಿ ಅಮೆರಿಕದ ಸೆ-ಜಿನ್ ಲೀ ಅವರ ಲ್ಯಾಬಿನಲ್ಲಿ ಇಲಿಗಳಿಂದ ಈ ಜೀನನ್ನು ತೆಗೆದುಹಾಕಿದಾಗ ಕೆಲವು ಸ್ನಾಯುಗಳು ಎರಡು, ಮೂರು ಪಟ್ಟು ದಪ್ಪ ಆದವು. ಅದೇ ವರ್ಷ, ಬೆಲ್ಜಿಯನ್ ಬ್ಲೂ ಅಂತ ಕರೆಯುವ ಗುಡ್ಡದಂಥ ದನಗಳಲ್ಲಿ ಈ ಜೀನಿನ 11 ಅಕ್ಷರಗಳೇ ಇಲ್ಲ ಅಂತ ಗೊತ್ತಾಯಿತು. ಅಕ್ಷರ ಅಂದರೆ ಡಿಎನ್‌ಎಯ ಎ, ಟಿ, ಜಿ, ಸಿ. ಅಲ್ಲಿ ಪ್ರೋಟೀನು ಪೂರ್ತಿ ಕೆಟ್ಟುಹೋಗಿದೆ. ಆ ದನಗಳು ಎಷ್ಟು ದಪ್ಪ ಅಂದರೆ ಕರು ಹಾಕಲು ಬಹಳ ಸಲ ಸಿಸೇರಿಯನ್ ಮಾಡಬೇಕಾಗುತ್ತದೆ.

ಕುರಿಯಲ್ಲೂ ಅದೇ ಇರಬೇಕು ಅಂತ ನೋಡಿದರೆ, ಮಯೊಸ್ಟಾಟಿನ್ ಪ್ರೋಟೀನಿನ ಬರಹದಲ್ಲಿ ಒಂದು ತಪ್ಪೂ ಇಲ್ಲ. ಬದಲಾಗಿದ್ದು ಒಂದೇ ಅಕ್ಷರ, ಅದೂ ಪ್ರೋಟೀನಿನ ಬರಹ ಮುಗಿದ ಮೇಲೆ ಬರುವ ಬಾಲದಲ್ಲಿ. ಅಲ್ಲಿ ಜಿ ಇರಬೇಕಾದ ಕಡೆ ಎ ಇತ್ತು. ಆ ಬಾಲದಿಂದ ಪ್ರೋಟೀನಿನ ಒಂದು ತುಣುಕೂ ತಯಾರಾಗುವುದಿಲ್ಲ. ಹಾಗಿದ್ದಮೇಲೆ ಅಲ್ಲಿ ಒಂದು ಅಕ್ಷರ ಬದಲಾದರೆ ಕುರಿ ಯಾಕೆ ದಪ್ಪ ಆಗಬೇಕು?

2006ರಲ್ಲಿ ಅವರು ಕೊಟ್ಟ ಉತ್ತರ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ, ಒಂದು ಮಿಲಿಮೀಟರ್ ಉದ್ದದ ಹುಳುವಿನ ಹತ್ತಿರಕ್ಕೆ ಹೋಗಬೇಕು.

ಸೀ ಎಲೆಗಾನ್ಸ್ ಅನ್ನುವ ಈ ಹುಳುವಿನಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಅವರ ಸಂಗಡಿಗರು ಲಿನ್-4 ಅನ್ನುವ ಜೀನಿನ ಬೆನ್ನು ಹತ್ತಿದ್ದರು. ಅದು ಕೆಟ್ಟರೆ ಹುಳು ಮರಿಯ ಹಂತದಲ್ಲೇ ತಿರುಗುತ್ತಾ ಉಳಿಯುತ್ತದೆ. ಕಷ್ಟಪಟ್ಟು ಜೀನನ್ನು ಹಿಡಿದು ನೋಡಿದರೆ ಅದರಲ್ಲಿ ಪ್ರೋಟೀನಿನ ಬರಹವೇ ಇಲ್ಲ. 22 ಅಕ್ಷರದ ಒಂದು ಚೂರು ಆರ್‌ಎನ್‌ಎ, ಅಷ್ಟೇ. ಇನ್ನೊಂದು ಲ್ಯಾಬಿನಲ್ಲಿ ಗ್ಯಾರಿ ರುವ್ಕುನ್ ಲಿನ್-14 ಅನ್ನುವ ಬೇರೆ ಜೀನು ಹಿಡಿದು ಕೂತಿದ್ದರು. ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಈ ಚೂರು ಆ ಜೀನಿನ ಬಾಲಕ್ಕೆ ಹಲವು ಕಡೆ ಜೋಡಿಯಾಗಿ ಕೂರುತ್ತದೆ ಅಂತ ಕಂಡಿತು. 1993ರಲ್ಲಿ ಎರಡೂ ಲೇಖನಗಳು ಒಟ್ಟಿಗೆ ಬಂದವು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹುಳುವಿನ ಏನೋ ಒಂದು ವಿಚಿತ್ರ ಅಂದುಕೊಂಡರು. 2000ದಲ್ಲಿ ರುವ್ಕುನ್ ಲ್ಯಾಬು ಲೆಟ್-7 ಅನ್ನುವ ಎರಡನೆಯದನ್ನು ಹುಡುಕಿತು. ಅದು ನೊಣದಲ್ಲೂ ಮೀನಿನಲ್ಲೂ ನಮ್ಮಲ್ಲೂ ಇದೆ ಅಂದಾಗ ಎಲ್ಲರಿಗೂ ಎಚ್ಚರ ಆಯಿತು. ಮುಂದಿನ ವರ್ಷವೇ ಇವಕ್ಕೆ ಮೈಕ್ರೊಆರ್‌ಎನ್‌ಎ ಅಂತ ಹೆಸರು ಬಿತ್ತು. ಆಂಬ್ರೋಸ್ ಮತ್ತು ರುವ್ಕುನ್ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂದಿದ್ದು 2024ರಲ್ಲಿ, ಅಂದರೆ 31 ವರ್ಷ ಆದಮೇಲೆ.

ಇದು ಹೇಗೆ ಕೆಲಸ ಮಾಡುತ್ತದೆ? ಜೀನಿನಿಂದ ಮೆಸೆಂಜರ್ ಆರ್‌ಎನ್‌ಎ, ಅದರಿಂದ ಪ್ರೋಟೀನು, ಇಷ್ಟು ನಾವು ಶಾಲೆಯಲ್ಲಿ ಓದಿದ್ದೇವೆ. ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಅಡುಗೆ ಆಗಿದೆ, ಬಕೆಟ್ ಪಂಕ್ತಿಗೆ ಬಂದಿದೆ, ಬಡಿಸುವವನ ಕೈಯಲ್ಲಿ ಸೌಟೂ ಇದೆ. ಆಗ ಹಿರಿಯರೊಬ್ಬರು ಬಂದು ಕಿವಿಯಲ್ಲಿ, ಈ ಪಂಕ್ತಿಗೆ ಪಾಯಸ ಸಾಕು ಅನ್ನುತ್ತಾರೆ. ಅಡುಗೆಮನೆಗೆ ಹೋಗಿ ಒಲೆ ಆರಿಸುವುದಿಲ್ಲ, ಬಡಿಸುವುದನ್ನು ಮಾತ್ರ ತಡೆಯುತ್ತಾರೆ. ಮೈಕ್ರೊಆರ್‌ಎನ್‌ಎ ಮಾಡುವುದು ಇದನ್ನೇ. ಮೆಸೆಂಜರ್ ತಯಾರಾದ ಮೇಲೆ ಅದರ ಬಾಲ ಹಿಡಿದು, ಪ್ರೋಟೀನು ಆಗುವುದನ್ನು ತಗ್ಗಿಸುತ್ತದೆ. ಸಾಮಾನ್ಯವಾಗಿ ಆ ಮೆಸೆಂಜರ್ ಬೇಗ ಹಾಳಾಗುವ ಹಾಗೂ ಮಾಡುತ್ತದೆ.

ಇದರ ತಯಾರಿಯ ವಿವರ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಉದ್ದನೆಯ ಆರ್‌ಎನ್‌ಎ ಬರುತ್ತದೆ, ಅದು ಹೇರ್‌ಪಿನ್ ಥರ ಮಡಚಿಕೊಳ್ಳುತ್ತದೆ. ನ್ಯೂಕ್ಲಿಯಸ್ ಒಳಗೆ ಡ್ರೋಶಾ ಅನ್ನುವ ಕಿಣ್ವ ಒಂದು ಸಲ ಕತ್ತರಿಸುತ್ತದೆ, ಹೊರಗೆ ಬಂದಮೇಲೆ ಡೈಸರ್ ಇನ್ನೊಂದು ಸಲ. ಉಳಿದ 22ರ ಆಸುಪಾಸಿನ ಅಕ್ಷರಗಳ ಚೂರನ್ನು ಆರ್ಗೊನಾಟ್ ಅನ್ನುವ ಪ್ರೋಟೀನು ಎತ್ತಿಕೊಂಡು ತಿರುಗುತ್ತದೆ. ನೆನಪಿಡಬೇಕಾದ್ದು ಒಂದೇ. ಈ 22ರಲ್ಲಿ ಎರಡರಿಂದ ಎಂಟರವರೆಗಿನ ಅಕ್ಷರಗಳೇ ಮುಖ್ಯ. ಇವನ್ನು ಸೀಡ್ ಅಂತಾರೆ. ಮೆಸೆಂಜರ್‌ನ ಬಾಲದಲ್ಲಿ ಇದಕ್ಕೆ ಜೋಡಿಯಾಗುವ ಅಕ್ಷರಗಳು ಇದ್ದರೆ ಅಲ್ಲಿ ಹೋಗಿ ಕೂರುತ್ತದೆ. ಏಳೇ ಅಕ್ಷರ ಸಾಕಾಗುವುದರಿಂದ ಒಂದೊಂದು ಮೈಕ್ರೊಆರ್‌ಎನ್‌ಎಗೂ ನೂರಾರು ಗಿರಾಕಿಗಳು. ಮತ್ತೆ ಒಬ್ಬೊಬ್ಬ ಗಿರಾಕಿಯ ಮೇಲೂ ಪರಿಣಾಮ ಸಣ್ಣದು. ಹೆಚ್ಚಿನ ಪ್ರೋಟೀನುಗಳು ಅರ್ಧದಷ್ಟು ಕೂಡ ಇಳಿಯುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಗುತ್ತದೆ.

ಈಗ ಟೆಕ್ಸೆಲ್ ಕುರಿಗೆ ಬರೋಣ. ಜಿ ಹೋಗಿ ಎ ಬಂದಾಗ ಮಯೊಸ್ಟಾಟಿನ್ ಬಾಲದಲ್ಲಿ ಹೊಸದಾಗಿ ಒಂದು ಕೂರುವ ಜಾಗ ಹುಟ್ಟಿಕೊಂಡಿತು. ಯಾರು ಕೂರಲು? ಮಿರ್-1 ಮತ್ತು ಮಿರ್-206. ಮಿರ್ ಅನ್ನುವುದು ಮೈಕ್ರೊಆರ್‌ಎನ್‌ಎಯ ಚುಟುಕು ಹೆಸರು. ಇವೆರಡೂ ಸ್ನಾಯುವಿನಲ್ಲಿ ರಾಶಿ ರಾಶಿ ಇರುವಂಥವು. ಹಾಗಾಗಿ ಈ ಕುರಿಗಳ ಸ್ನಾಯುವಿನಲ್ಲಿ ಮಯೊಸ್ಟಾಟಿನ್ ತಯಾರಿ ತಗ್ಗಿತು, ಮಾಂಸ ಬೆಳೆಯಿತು. ದನದಲ್ಲಿ ಪ್ರೋಟೀನೇ ಮುರಿದಿತ್ತು, ಕುರಿಯಲ್ಲಿ ಪ್ರೋಟೀನು ಸರಿಯಾಗಿದೆ, ಕಡಿಮೆ ಆಗಿದೆ ಅಷ್ಟೇ. ನನಗೆ ಈ ಸಂಶೋಧನೆ ಬಹಳ ಇಷ್ಟ. ಮೈಕ್ರೊಆರ್‌ಎನ್‌ಎ ಬದಲಾಗಿಲ್ಲ, ಪ್ರೋಟೀನಿನ ಬರಹ ಬದಲಾಗಿಲ್ಲ, ಇಬ್ಬರ ನಡುವೆ ಹೊಸ ಪರಿಚಯ ಆಯಿತು, ಅಷ್ಟಕ್ಕೇ ಒಂದು ತಳಿಯ ಮೈಕಟ್ಟು ಬೇರೆ ಆಯಿತು.

ಮಿರ್-1, ಮಿರ್-206 ಅಂದೆ. ಇವುಗಳ ಜೊತೆ ಮಿರ್-133, 208, 486, 499 ಸೇರಿಸಿದರೆ ಸ್ನಾಯುವಿನ ಮುಖ್ಯ ಗುಂಪು ಆಯಿತು. ಕ್ಷೇತ್ರದವರು ಇವನ್ನು ಮಯೊಮಿರ್ ಅಂತ ಕರೆಯುತ್ತಾರೆ. ಮಿರ್-1 ಮತ್ತು 133ಎ ಹೃದಯದಲ್ಲೂ ಕೈಕಾಲಿನ ಸ್ನಾಯುವಿನಲ್ಲೂ ಇವೆ. 206 ಮತ್ತು 133ಬಿ ಹೆಚ್ಚುಕಡಿಮೆ ಕೈಕಾಲಿನ ಸ್ನಾಯುವಿನದ್ದೇ. ಮಿರ್-1ಕ್ಕೂ 206ಕ್ಕೂ ಇರುವ ವ್ಯತ್ಯಾಸ 22ರಲ್ಲಿ ನಾಲ್ಕೇ ಅಕ್ಷರ, ಸೀಡ್ ಎರಡರಲ್ಲೂ ಒಂದೇ. ಅಣ್ಣತಮ್ಮಂದಿರು ಅನ್ನಬಹುದು.

ಮಿರ್-1 ಎಷ್ಟು ಹಳೆಯದು ಅಂದರೆ ಹಣ್ಣಿನ ನೊಣದಲ್ಲೂ ಇದೆ. ಆಂಬ್ರೋಸ್ ಅವರೇ 2005ರಲ್ಲಿ ತಮ್ಮ ಸಂಗಡಿಗರೊಬ್ಬರ ಜೊತೆ ನೊಣದಿಂದ ಮಿರ್-1 ತೆಗೆದು ನೋಡಿದರು. ಮೊಟ್ಟೆಯೊಳಗೆ ಸ್ನಾಯು ಸರಿಯಾಗೇ ಆಯಿತು. ಮರಿಹುಳು ಹೊರಗೆ ಬಂತು. ಅದು ತಿನ್ನಲು ಶುರು ಮಾಡಿ, ಸ್ನಾಯು ವೇಗವಾಗಿ ದೊಡ್ಡದಾಗಬೇಕಾದ ಹೊತ್ತಿನಲ್ಲಿ ಎಲ್ಲ ಕುಸಿದುಬಿತ್ತು, ಹುಳು ಸತ್ತಿತು. ಅಂದರೆ ಸ್ನಾಯು ಹುಟ್ಟಲು ಮಿರ್-1 ಬೇಕಾಗಿರಲಿಲ್ಲ, ಭಾರ ಹೊರುವ ಸಮಯ ಬಂದಾಗ ಬೇಕಾಯಿತು. ನಾನು ಇವತ್ತು ಹೇಳಬೇಕಾಗಿರುವುದರ ತಿರುಳು ಇದೇ: ಮಯೊಮಿರ್‌ಗಳ ಕೆಲಸ ನೆಮ್ಮದಿಯ ದಿನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಸ್ನಾಯುವಿಗೆ ಕಷ್ಟ ಬಂದಾಗ ಕಾಣುತ್ತದೆ.

ಹಾಗಂತ ಬೆಳವಣಿಗೆಯಲ್ಲಿ ಪಾತ್ರ ಇಲ್ಲ ಅಂತಲ್ಲ. ಇಲಿಯ ಭ್ರೂಣದಲ್ಲಿ, ಸ್ನಾಯುವಿನಲ್ಲಿ ಮಾತ್ರ, ಡೈಸರನ್ನು ತೆಗೆದುಹಾಕಿದ ಪ್ರಯೋಗ ಇದೆ. ಡೈಸರ್ ಇಲ್ಲ ಅಂದರೆ ಒಂದು ಮೈಕ್ರೊಆರ್‌ಎನ್‌ಎಯೂ ಸರಿಯಾಗಿ ತಯಾರಾಗುವುದಿಲ್ಲ. ಆ ಮರಿಗಳ ಸ್ನಾಯು ಸೊರಗಿತ್ತು, ಹುಟ್ಟುವ ಹೊತ್ತಿಗೆ ಸತ್ತವು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಮನೆ ಬೀಳುತ್ತದೆ, ಒಂದೊಂದನ್ನೇ ಕಿತ್ತರೆ ಹಲವು ಸಲ ನಿಂತೇ ಇರುತ್ತದೆ.

ಸ್ನಾಯು ಬೆಳೆಯುವ ಬಗೆ ಸ್ವಲ್ಪ ನೋಡೋಣ. ಮೊದಲು ಮಯೊಬ್ಲಾಸ್ಟ್ ಅನ್ನುವ ಸಣ್ಣ ಕೋಶಗಳು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ಒಡೆಯುವುದನ್ನು ನಿಲ್ಲಿಸಿ, ಸಾಲಾಗಿ ನಿಂತು, ಒಂದರೊಳಗೊಂದು ಬೆಸೆದುಕೊಂಡು ಉದ್ದನೆಯ ಎಳೆ ಆಗುತ್ತವೆ. ಅದಕ್ಕೇ ಒಂದು ಸ್ನಾಯು ಎಳೆಯಲ್ಲಿ ನೂರಾರು ನ್ಯೂಕ್ಲಿಯಸ್ ಇರುತ್ತವೆ. ಸಂಖ್ಯೆ ಹೆಚ್ಚಿಸುವುದೋ, ಬೆಸೆದುಕೊಂಡು ಕೆಲಸಕ್ಕೆ ನಿಲ್ಲುವುದೋ, ಎರಡರಲ್ಲಿ ಒಂದನ್ನು ಕೋಶ ಆರಿಸಿಕೊಳ್ಳಲೇಬೇಕು. ಈ ತೀರ್ಮಾನದಲ್ಲಿ ದೊಡ್ಡ ಹೆಸರು ಮಯೊಡಿ ಅನ್ನುವ ಪ್ರೋಟೀನಿನದ್ದು. 1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಲ್ಯಾಬಿನಲ್ಲಿ ಸಾಧಾರಣ ಫೈಬ್ರೊಬ್ಲಾಸ್ಟ್ ಕೋಶಕ್ಕೆ ಇದೊಂದನ್ನು ಹಾಕಿದರೆ ಸ್ನಾಯು ಕೋಶ ಆಗುತ್ತದೆ ಅಂತ ತೋರಿಸಿದ್ದರು. ಮಯೊಡಿ ಸ್ನಾಯುವಿನ ಜೀನುಗಳನ್ನು ಹೊತ್ತಿಸುವ ಜೊತೆಗೇ ಮಿರ್-1 ಮತ್ತು 206ನ್ನೂ ಹೊತ್ತಿಸುತ್ತದೆ. ಬೇಕಾದ್ದನ್ನು ಶುರು ಮಾಡುವುದು ಮಯೊಡಿ, ಇನ್ನು ಬೇಡವಾದ ಹಳೆಯ ಮೆಸೆಂಜರ್‌ಗಳನ್ನು ಗುಡಿಸಿ ಹಾಕುವುದು ಇವರಿಬ್ಬರು.

ಇದಕ್ಕೊಂದು ಸೊಗಸಾದ ಸಾಕ್ಷಿ ಇದೆ. ಹೀಲಾ ಅನ್ನುವ ಕೋಶಗಳು ಗೊತ್ತಲ್ಲ, ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದು ಪ್ರಪಂಚದ ಎಲ್ಲ ಲ್ಯಾಬಿನಲ್ಲೂ ಬೆಳೆಯುತ್ತಿರುವಂಥವು. ಅವಕ್ಕೂ ಸ್ನಾಯುವಿಗೂ ಏನೂ ಸಂಬಂಧ ಇಲ್ಲ. 2005ರಲ್ಲಿ ಅವುಗಳಿಗೆ ಮಿರ್-1 ಹಾಕಿ ನೋಡಿದಾಗ ನೂರರ ಸುಮಾರು ಮೆಸೆಂಜರ್‌ಗಳು ಇಳಿದವು. ಇಳಿದವು ಯಾವುವು ಅಂತ ನೋಡಿದರೆ, ಸ್ನಾಯುವಿನಲ್ಲಿ ಸಹಜವಾಗೇ ಕಡಿಮೆ ಇರುವಂಥವೇ. ಒಂದು ಚೂರು ಆರ್‌ಎನ್‌ಎ ಆ ಕೋಶದ ಲೆಕ್ಕಪತ್ರವನ್ನು ಸ್ನಾಯುವಿನ ಕಡೆಗೆ ವಾಲಿಸಿತ್ತು. ಕೋಶ ಸ್ನಾಯು ಆಗಲಿಲ್ಲ, ಅದನ್ನು ಮರೆಯಬಾರದು.

ಆಮೇಲೆ 2006ರಲ್ಲಿ ಡಾ-ಝಿ ವಾಂಗ್ ಅವರ ತಂಡದ್ದು ಇನ್ನೊಂದು. ಮಿರ್-1 ಮತ್ತು ಮಿರ್-133 ಒಂದೇ ಉದ್ದ ಆರ್‌ಎನ್‌ಎಯಿಂದ ಕತ್ತರಿಸಿ ಬರುವಂಥವು, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳು. ಆದರೆ ಮಾಡುವುದು ತದ್ವಿರುದ್ಧ. ಮಿರ್-1 ಎಚ್‌ಡ್ಯಾಕ್-4 ಅನ್ನುವ ತಡೆಗಾರನನ್ನು ತಗ್ಗಿಸಿ ಕೋಶವನ್ನು ಬೆಸೆಯುವ ಕಡೆಗೆ ತಳ್ಳುತ್ತದೆ. ಮಿರ್-133 ಎಸ್‌ಆರ್‌ಎಫ್ ಅನ್ನುವ ಪ್ರೋಟೀನನ್ನು ತಗ್ಗಿಸಿ ಸಂಖ್ಯೆ ಹೆಚ್ಚಿಸುವ ಕಡೆಗೆ ಎಳೆಯುತ್ತದೆ. ಇಲ್ಲಿ ಸಭೆಯಲ್ಲೊಬ್ಬರು, ಒಟ್ಟಿಗೆ ಹುಟ್ಟಿಸಿ ಜಗಳ ಯಾಕೆ ಹಚ್ಚುವುದು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ನನಗೆ ಅನ್ನಿಸುವುದು, ಎರಡೂ ಕಡೆ ಎಳೆತ ಇದ್ದಾಗ ಸಣ್ಣಪುಟ್ಟ ಅಲುಗಾಟಕ್ಕೆ ಕೋಶ ಆ ಕಡೆ ಈ ಕಡೆ ಬೀಳುವುದಿಲ್ಲ. ಬಲವಾದ ಸೂಚನೆ ಬಂದಾಗ ಮಾತ್ರ ವಾಲುತ್ತದೆ. ಇದು ನನ್ನ ಅನಿಸಿಕೆ, ಅಷ್ಟರಮಟ್ಟಿಗೆ ತೆಗೆದುಕೊಳ್ಳಿ.

ಇನ್ನೊಂದು ಚಮತ್ಕಾರ ಸುಮ್ನೆ ಹೇಳಿಬಿಡುತ್ತೇನೆ. ನಮ್ಮ ಸ್ನಾಯುವಿನಲ್ಲಿ ನಿಧಾನದ ಎಳೆಗಳಿವೆ, ವೇಗದ ಎಳೆಗಳಿವೆ. ದಿನವಿಡೀ ಬೆನ್ನು ನೆಟ್ಟಗೆ ಇಡುವುದು ನಿಧಾನದವು, ಬಸ್ ಹಿಡಿಯಲು ಓಡುವಾಗ ವೇಗದವು. ಮಿರ್-208ಬಿ ಮತ್ತು 499 ಇರುವುದು ಮಯೊಸಿನ್, ಅಂದರೆ ಸ್ನಾಯುವನ್ನು ಎಳೆಯುವ ಪ್ರೋಟೀನಿನ ಜೀನುಗಳ ಹೊಟ್ಟೆಯೊಳಗೇ, ಪ್ರೋಟೀನಿಗೆ ಬೇಡವಾದ ಇಂಟ್ರಾನ್ ಭಾಗದಲ್ಲಿ. ಮಯೊಸಿನ್ ಜೀನು ಓದಿದಾಗೆಲ್ಲ ಇವೂ ಪುಕ್ಕಟೆ ತಯಾರಾಗಿ ಹೊರಗೆ ಬಂದು, ವೇಗದ ಎಳೆಯ ಜೀನುಗಳನ್ನು ತಡೆಯುವ ಕಡೆಗೆ ಕೆಲಸ ಮಾಡುತ್ತವೆ, ಎಳೆ ನಿಧಾನದ್ದಾಗಿ ಉಳಿಯುತ್ತದೆ. ಟೆಕ್ಸಸ್‌ನ ಎರಿಕ್ ಓಲ್ಸನ್ ಅವರ ಲ್ಯಾಬು ಇದನ್ನು 2009ರಲ್ಲಿ ಬಿಡಿಸಿ ತೋರಿಸಿತು.

ಈಗ ಗಾಯದ ವಿಷಯ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಳೆಯ ಅಂಚಿಗೆ ಒತ್ತಿಕೊಂಡು ಕೂತ ಸಣ್ಣ ಕೋಶಗಳನ್ನು ಕಂಡರು. ಸ್ಯಾಟಲೈಟ್ ಕೋಶಗಳು ಅಂತ ಹೆಸರಿಟ್ಟರು. ಸ್ನಾಯುವಿನ ಕಾಂಡಕೋಶಗಳು ಇವೇ. ಸಾಮಾನ್ಯವಾಗಿ ಮಲಗಿರುತ್ತವೆ. ಸ್ನಾಯು ಹರಿದಾಗ ಎದ್ದು, ಒಡೆದು, ಬೆಸೆದುಕೊಂಡು ರಿಪೇರಿ ಮಾಡುತ್ತವೆ. ಮಲಗಿಸಿಡುವುದರಲ್ಲೂ ಮೈಕ್ರೊಆರ್‌ಎನ್‌ಎ ಇದೆ. ಮಿರ್-489 ಅವುಗಳನ್ನು ಮಲಗಿಸಿಡುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಅದೇ ವರ್ಷ ಇನ್ನೂ ಚೆನ್ನಾದ ವಿಷಯ ಬಂತು. ಮಲಗಿರುವ ಕೋಶದಲ್ಲೇ ಮಯ್ಫ್-5 ಅನ್ನುವ ಸ್ನಾಯು ಜೀನಿನ ಮೆಸೆಂಜರ್ ಮೊದಲೇ ತಯಾರಾಗಿರುತ್ತದೆ, ಆದರೆ ಮಿರ್-31 ಅದನ್ನು ಹಿಡಿದಿಟ್ಟಿರುತ್ತದೆ. ಪೆಟ್ಟು ಬಿದ್ದ ಕೂಡಲೇ ಹಿಡಿತ ಬಿಡುತ್ತದೆ. ಜೀನು ಓದುವುದರಿಂದ ಶುರು ಮಾಡಬೇಕಾಗಿಲ್ಲ, ಆ ಹೊತ್ತು ಉಳಿಯಿತು ಅಲ್ವಾ? ಮಲಗಿದ ಸ್ನಾಯು ಕಾಂಡಕೋಶದ ಬಗ್ಗೆ ನಮ್ಮಲ್ಲೂ ಒಳ್ಳೆಯ ಕೆಲಸ ಆಗಿದೆ. ಜ್ಯೋತ್ಸ್ನಾ ಧವನ್ ಅವರು ಬೆಂಗಳೂರಿನ ಇನ್‌ಸ್ಟೆಮ್, ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಗಳಲ್ಲಿ ಇದೇ ನಿದ್ದೆಯ ಬೆನ್ನು ಹತ್ತಿದವರು.

ಎದ್ದ ಕೋಶ ಒಡೆಯುವುದನ್ನು ನಿಲ್ಲಿಸಿ ಬೆಸೆಯಬೇಕಾದಾಗ ಮಿರ್-1 ಮತ್ತು 206 ಬರುತ್ತವೆ. ಕಾಂಡಕೋಶವನ್ನು ಕಾಂಡಕೋಶವಾಗೇ ಇಡುವ ಪ್ಯಾಕ್ಸ್-7 ಅನ್ನುವುದನ್ನು ತಗ್ಗಿಸುತ್ತವೆ. ಹಿಂದಿರುಗುವ ದಾರಿ ಮುಚ್ಚುತ್ತದೆ. ಇದು ಕೆಟ್ಟರೆ ಏನಾಗಬಹುದು ಅಂತ ಮಕ್ಕಳಲ್ಲಿ ಬರುವ ರಾಬ್ಡೊಮಯೊಸಾರ್ಕೋಮ ಅನ್ನುವ ಕ್ಯಾನ್ಸರ್ ತೋರಿಸುತ್ತದೆ. ಸ್ನಾಯು ಆಗಲು ಹೊರಟು ಅರ್ಧದಲ್ಲಿ ನಿಂತು, ಸುಮ್ಮನೆ ಒಡೆಯುತ್ತಲೇ ಇರುವ ಕೋಶಗಳು ಅವು. ಅವುಗಳಲ್ಲಿ ಮಿರ್-206 ಬಹಳ ಕಡಿಮೆ. ಲ್ಯಾಬಿನಲ್ಲಿ ಅದನ್ನು ವಾಪಸ್ ಹಾಕಿದರೆ ಕೋಶಗಳು ಒಡೆಯುವುದನ್ನು ಬಿಟ್ಟು ಸ್ನಾಯುವಿನ ಕಡೆಗೆ ತಿರುಗುತ್ತವೆ.

ಇಷ್ಟೆಲ್ಲ ಕೇಳಿದಮೇಲೆ, ಮಿರ್-206 ಇಲ್ಲದ ಇಲಿ ಬದುಕುವುದೇ ಇಲ್ಲ ಅಂದುಕೊಳ್ಳುತ್ತೀರಿ. ಓಲ್ಸನ್ ಲ್ಯಾಬಿನವರು ಅಂಥ ಇಲಿ ಮಾಡಿದರು. ಏನೂ ಆಗಲಿಲ್ಲ. ಹುಟ್ಟಿತು, ಬೆಳೆಯಿತು, ಓಡಾಡಿತು, ಸ್ನಾಯು ನೋಡಿದರೆ ಎಲ್ಲ ಸರಿ. ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕರಿಗೆ ಇಂಥ ಫಲಿತಾಂಶ ಬಂದಾಗ ಹೊಟ್ಟೆ ಉರಿಯುತ್ತದೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಕಾಲಿನ ನರ ಕತ್ತರಿಸಿ ನೋಡಿದರು. ಸಾಮಾನ್ಯ ಇಲಿಯಲ್ಲಿ ನರ ಮತ್ತೆ ಬೆಳೆದು ಸ್ನಾಯುವನ್ನು ಹುಡುಕಿಕೊಂಡು ಬಂದು ಕೂಡುತ್ತದೆ. ಮಿರ್-206 ಇಲ್ಲದ ಇಲಿಯಲ್ಲಿ ನರ ಬಂದು ಕೂಡುವುದು ಬಹಳ ತಡವಾಯಿತು. ನರ ಕಳೆದುಕೊಂಡ ಸ್ನಾಯು ತಾನೇ ಮಿರ್-206 ಏರಿಸಿಕೊಂಡು, ನರಕ್ಕೆ ದಾರಿ ತೋರುವ ಸೂಚನೆ ಕಳಿಸುತ್ತದೆ ಅನ್ನುವುದು ಆಗ ಗೊತ್ತಾಯಿತು. ಮುಂದಿನ ಹೆಜ್ಜೆಯಾಗಿ, ಎಎಲ್‌ಎಸ್ ಕಾಯಿಲೆ ಬರುವ ಇಲಿಗಳಲ್ಲಿ ಮಿರ್-206 ತೆಗೆದರು. ಎಎಲ್‌ಎಸ್ ಅಂದರೆ ಸ್ನಾಯುವನ್ನು ಆಡಿಸುವ ನರಕೋಶಗಳೇ ಸಾಯುವ ಕಾಯಿಲೆ, ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಇದ್ದದ್ದು. ಕಾಯಿಲೆ ಶುರುವಾಗುವ ಸಮಯ ಬದಲಾಗಲಿಲ್ಲ. ಶುರುವಾದ ಮೇಲೆ ಮಾತ್ರ ಬೇಗ ಬೇಗ ಇಳಿದು, ಇಲಿಗಳು ಬೇಗ ಸತ್ತವು. 2009ರ ಈ ಲೇಖನ ಓದಿದ ಮೇಲೆ ನಾನು ಮಯೊಮಿರ್‌ಗಳನ್ನು ನೋಡುವ ರೀತಿಯೇ ಬೇರೆ ಆಯಿತು.

2012ರಲ್ಲಿ ಅದೇ ಗುಂಪು ಇನ್ನೊಂದು ಪೆಟ್ಟು ಕೊಟ್ಟು ನೋಡಿತು. ಕಾರ್ಡಿಯೋಟಾಕ್ಸಿನ್, ನಾಗರಹಾವಿನ ಕುಲದ ವಿಷದಲ್ಲಿ ಸಿಗುವಂಥದ್ದು, ಸ್ನಾಯುವಿಗೆ ಚುಚ್ಚಿದರೆ ಎಳೆಗಳು ಸಾಯುತ್ತವೆ, ಆಮೇಲೆ ರಿಪೇರಿ ನಡೆಯುತ್ತದೆ. ಮಿರ್-206 ಇಲ್ಲದಾಗ ಆ ರಿಪೇರಿ ನಿಧಾನ. ಸ್ನಾಯು ಕ್ಷೀಣಿಸುವ ಡುಶೇನ್ ಕಾಯಿಲೆಯ ಇಲಿಗಳಲ್ಲಿ ಮಿರ್-206 ತೆಗೆದಾಗ ಕಾಯಿಲೆ ಇನ್ನೂ ಜೋರಾಯಿತು. ಮಿರ್-133ಎ ಕಥೆ ಸ್ವಲ್ಪ ಬೇರೆ. ಅದರ ಎರಡೂ ಪ್ರತಿಗಳನ್ನು ತೆಗೆದರೆ ಹಲವು ಇಲಿಗಳು ಹೃದಯದ ತೊಂದರೆಯಿಂದಲೇ ಸಾಯುತ್ತವೆ. ಉಳಿದವಕ್ಕೆ ದೊಡ್ಡವಾದ ಮೇಲೆ, ಎಳೆಯ ಅಂಚಿನಲ್ಲಿರಬೇಕಾದ ನ್ಯೂಕ್ಲಿಯಸ್ ನಡುವೆ ಬಂದು ಕೂರುವ ಸೆಂಟ್ರೊನ್ಯೂಕ್ಲಿಯರ್ ಮಯೋಪತಿ ಬರುತ್ತದೆ. ಕಾರಣ ಡೈನಮಿನ್-2 ಅನ್ನುವ ಪ್ರೋಟೀನು ಜಾಸ್ತಿಯಾಗುವುದು. ಮನುಷ್ಯರಲ್ಲಿ ಇದೇ ಕಾಯಿಲೆಯ ಒಂದು ಬಗೆಗೆ ಡೈನಮಿನ್-2 ಜೀನಿನ ದೋಷವೇ ಕಾರಣ. ಇಲಿಯ ಕಥೆ ಮನುಷ್ಯರ ಕಾಯಿಲೆಯ ಜೊತೆ ಇಷ್ಟು ನೇರವಾಗಿ ಕೂಡಿಕೊಳ್ಳುವುದು ಅಪರೂಪ.

ಡುಶೇನ್ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಡಿಸ್ಟ್ರೊಫಿನ್ ಅನ್ನುವ ಪ್ರೋಟೀನು ಸ್ನಾಯು ಎಳೆಯ ಪೊರೆಗೆ ಒಳಗಿನಿಂದ ಆಸರೆ ಕೊಡುತ್ತದೆ. ಅದರ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿದೆ, 79 ಎಕ್ಸಾನ್ (ಪ್ರೋಟೀನಿನ ಬರಹ ಇರುವ ತುಂಡುಗಳು), ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಕ್ಷರ, ನಮ್ಮ ಅತಿ ಉದ್ದದ ಜೀನುಗಳಲ್ಲಿ ಒಂದು. ಅದು ಕೆಟ್ಟರೆ ಪ್ರತಿ ಸಲ ಸ್ನಾಯು ಎಳೆದಾಗಲೂ ಪೊರೆ ಹರಿಯುತ್ತದೆ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ, ಸುಮಾರು 3,500ರಿಂದ 5,000 ಗಂಡುಮಕ್ಕಳಿಗೆ ಒಬ್ಬರಿಗೆ. ಮೀನಖಂಡ ದಪ್ಪ ಕಾಣುತ್ತದೆ, ಮಗು ಆಗಾಗ ಬೀಳುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೇ ಕೈ ಊರಿಕೊಂಡು ಹತ್ತಿದ ಹಾಗೆ ಏಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗಳಲ್ಲಿ ಇದಕ್ಕೆ ಪರಿಣತರಿದ್ದಾರೆ. ಅಲ್ಲಿಗೆ ತಲುಪುವ ಮೊದಲೇ ಕೆಲವು ಮಕ್ಕಳು ಬೇರೆ ಕಡೆ ಅಲೆದಿರುತ್ತಾರೆ. ಯಾಕೆಂದರೆ ಎಎಸ್‌ಟಿ, ಎಎಲ್‌ಟಿ ಅನ್ನುವ ಕಿಣ್ವಗಳು ಸ್ನಾಯುವಿನಿಂದಲೂ ರಕ್ತಕ್ಕೆ ಸೋರುತ್ತವೆ, ರಿಪೋರ್ಟ್ ನೋಡಿದವರು ಲಿವರ್ ಕಾಯಿಲೆ ಅಂದುಕೊಳ್ಳುತ್ತಾರೆ. ಮಗುವಿಗೆ ನಡಿಗೆಯಲ್ಲಿ ತೊಂದರೆ ಇದ್ದು ಇವು ಏರಿದ್ದರೆ ಸಿಕೆ, ಅಂದರೆ ಕ್ರಿಯೇಟಿನ್ ಕೈನೇಸ್ ಅನ್ನುವ ಸ್ನಾಯುವಿನ ಕಿಣ್ವದ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ.

ಈ ಹರಿದ ಪೊರೆಯಿಂದ ಮಯೊಮಿರ್‌ಗಳೂ ರಕ್ತಕ್ಕೆ ಸೋರುತ್ತವೆ. ಡುಶೇನ್ ಮಕ್ಕಳ ರಕ್ತದಲ್ಲಿ ಮಿರ್-1, 133, 206 ಬಹಳ ಏರಿರುತ್ತವೆ ಅಂತ ಇಟಲಿಯ ಐರೀನ್ ಬೊಝೋನಿ ಅವರ ತಂಡ 2011ರಲ್ಲಿ ತೋರಿಸಿತು. ಸಿಕೆ ಒಂದು ದಿನ ಜೋರಾಗಿ ಆಟ ಆಡಿದರೂ ಏರಿಬಿಡುತ್ತದೆ, ಅದಕ್ಕಿಂತ ಇವು ಒಳ್ಳೆಯ ಅಳತೆಗೋಲು ಆಗಬಹುದು ಅನ್ನುವ ಆಸೆ ಇದೆ. ತೊಡಕೂ ಇದೆ. ಮಿರ್-486 ಕೆಂಪು ರಕ್ತಕಣದಲ್ಲೂ ತುಂಬಿದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಸಂಖ್ಯೆ ಏರುತ್ತದೆ, ಸ್ನಾಯುವಿಗೆ ಏನೂ ಆಗಿರುವುದಿಲ್ಲ.

ಬೊಝೋನಿ ಅವರ ತಂಡದ್ದೇ ಇನ್ನೆರಡು ಕೆಲಸ ನೋಡಿ. ಡುಶೇನ್ ಸ್ನಾಯುವಿನಲ್ಲಿ ಮಿರ್-29 ಇಳಿದಿರುತ್ತದೆ. ಕೊಲಾಜೆನ್ ತಯಾರಿಯನ್ನು ತಡೆಹಿಡಿಯುವುದು ಅದರ ಕೆಲಸ. ಅದು ಇಳಿದಾಗ ಸ್ನಾಯು ಇದ್ದ ಜಾಗದಲ್ಲಿ ನಾರು ತುಂಬುತ್ತದೆ, ಮೃದುವಾಗಿರಬೇಕಾದ್ದು ಗಟ್ಟಿಯಾಗುತ್ತದೆ. ಇನ್ನೊಂದು, ಮಿರ್-31 ಡಿಸ್ಟ್ರೊಫಿನ್ ಮೆಸೆಂಜರ್‌ನ ಬಾಲವನ್ನೇ ಹಿಡಿಯುತ್ತದೆ, ಮತ್ತು ಡುಶೇನ್‌ನಲ್ಲಿ ಅದು ಏರಿರುತ್ತದೆ. ಕೆಟ್ಟ ಎಕ್ಸಾನನ್ನು ಹಾರಿಸಿ ಓದಿಸುವ ಚಿಕಿತ್ಸೆ ಇದೆ, ಅಮೆರಿಕದಲ್ಲಿ 2016ರಲ್ಲಿ ಅದರ ಮೊದಲ ಔಷಧಿ ಎಟೆಪ್ಲಿರ್ಸೆನ್‌ಗೆ ಒಪ್ಪಿಗೆ ಸಿಕ್ಕಿತು. ಆದರೆ ಕಷ್ಟಪಟ್ಟು ಮೆಸೆಂಜರನ್ನು ಸರಿಮಾಡಿದ ಮೇಲೂ ಮಿರ್-31 ಬಾಲ ಹಿಡಿದು ಕೂತಿದ್ದರೆ ಪ್ರೋಟೀನು ಕಡಿಮೆಯೇ ಆಗುತ್ತದೆ. ಮಲಗಿದ ಕಾಂಡಕೋಶದಲ್ಲಿ ಉಪಕಾರಿ ಅನ್ನಿಸಿದ ಮಿರ್-31 ಇಲ್ಲಿ ಅಡ್ಡಗಾಲು. ಒಳ್ಳೆಯ ಮೈಕ್ರೊಆರ್‌ಎನ್‌ಎ, ಕೆಟ್ಟ ಮೈಕ್ರೊಆರ್‌ಎನ್‌ಎ ಅಂತ ಪಟ್ಟಿ ಮಾಡುವ ಲೇಖನಗಳು ಬಂದಾಗ ನನಗೆ ಕಿರಿಕಿರಿ ಆಗುವುದು ಇದಕ್ಕೇ.

ಔಷಧಿ ಎಲ್ಲಿದೆ ಅಂತ ಕೇಳಿದವರು ಹಲವರು. ನೇರವಾಗಿ ಹೇಳುತ್ತೇನೆ: ಮೈಕ್ರೊಆರ್‌ಎನ್‌ಎಯನ್ನೇ ಗುರಿಯಾಗಿಟ್ಟ ಯಾವ ಔಷಧಿಗೂ ಸ್ನಾಯುರೋಗಕ್ಕಾಗಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಕ್ಯಾನ್ಸರಿಗೆ ಮಿರ್-34ಎ ನಕಲು ಮಾಡಿ ಕೊಟ್ಟು ನೋಡಿದರು. ರೋಗನಿರೋಧಕ ವ್ಯವಸ್ಥೆ ಕೆರಳಿ, ರೋಗಿಗಳ ಸಾವು ಆದಮೇಲೆ 2016ರಲ್ಲಿ ಪ್ರಯೋಗ ನಿಲ್ಲಿಸಿದರು. ನೂರಾರು ಗಿರಾಕಿ ಇರುವುದನ್ನು ಇಡೀ ದೇಹಕ್ಕೆ ಸುರಿಯುವುದು ಹುಡುಗಾಟವಲ್ಲ. ತೆಗೆಯುವುದು, ಹಾಕುವುದಕ್ಕಿಂತ ಸ್ವಲ್ಪ ಸುಲಭ ಇರಬಹುದು. ಮಯೊಟಾನಿಕ್ ಡಿಸ್ಟ್ರೊಫಿ ಅನ್ನುವ ಕಾಯಿಲೆಯಲ್ಲಿ ಎಂಬಿಎನ್‌ಎಲ್-1 ಅನ್ನುವ ಪ್ರೋಟೀನು ವಿಷದಂಥ ಆರ್‌ಎನ್‌ಎಯಲ್ಲಿ ಸಿಕ್ಕಿಬಿದ್ದು ಕೋಶಕ್ಕೆ ಸಾಲದಾಗುತ್ತದೆ. ಮಿರ್-23ಬಿ ಮತ್ತು 218 ಆ ಪ್ರೋಟೀನನ್ನು ಸಹಜವಾಗಿ ತಗ್ಗಿಸಿ ಇಡುವಂಥವು. ಆ ತಡೆ ತೆಗೆದರೆ ಜಾಸ್ತಿ ತಯಾರಾಗಬಹುದಲ್ಲ ಅನ್ನುವುದು ಸ್ಪೇನಿನ ವಲೆನ್ಸಿಯಾದವರ ಯೋಚನೆ. ಇಲಿಯಲ್ಲಿ ಫಲ ಕೊಟ್ಟಿತು. ಮಿರ್-23ಬಿ ತಡೆಯುವ ಔಷಧಿ ಮನುಷ್ಯರ ಮೇಲಿನ ಆರಂಭದ ಹಂತದ ಪರೀಕ್ಷೆಗೆ ಬಂದಿದೆ.

ನನಗೆ ಹೆಚ್ಚು ನಂಬಿಕೆ ಇರುವುದು ಬೇರೆ ದಾರಿಯ ಮೇಲೆ. ಟೆಕ್ಸೆಲ್ ಕುರಿಯಲ್ಲಿ ತಾನಾಗಿ ಆದದ್ದನ್ನು ಬೇಕೆಂದೇ ಮಾಡುವ ದಾರಿ. ಕ್ಯಾಲ್ಪೇನ್-3 ಅನ್ನುವ ಜೀನು ಕೆಟ್ಟರೆ ಸೊಂಟ, ಭುಜದ ಸ್ನಾಯು ಕ್ಷೀಣಿಸುವ ಕಾಯಿಲೆ ಬರುತ್ತದೆ. ನಮ್ಮ ದೇಶದಲ್ಲಿ ಅಗರ್ವಾಲ್ ಸಮುದಾಯದಲ್ಲಿ, ಹಿಂದಿನ ಯಾವುದೋ ತಲೆಮಾರಿನಿಂದ ಹರಿದು ಬಂದ ಇದರ ದೋಷಗಳು ಹೆಚ್ಚಾಗಿ ಕಾಣುತ್ತವೆ. ಫ್ರಾನ್ಸಿನ ಜೆನೆಥಾನ್‌ನಲ್ಲಿ ಇಸಬೆಲ್ ರಿಷಾರ್ ಅವರ ತಂಡ ನಿರಪಾಯಕಾರಿ ವೈರಸ್ಸಿನಲ್ಲಿ ಸರಿಯಾದ ಜೀನು ಇಟ್ಟು ಇಲಿಗೆ ಕೊಟ್ಟಿತು. ಕಾಲಿನ ಸ್ನಾಯು ಸುಧಾರಿಸಿತು, ಹೃದಯ ಕೆಟ್ಟಿತು. ಕ್ಯಾಲ್ಪೇನ್-3 ಹೃದಯದಲ್ಲಿ ಅಷ್ಟೊಂದು ಇರಬಾರದು. ಆಗ ಅವರು ಜೀನಿನ ಬಾಲದಲ್ಲಿ ಮಿರ್-208ಎ ಕೂರುವ ಜಾಗ ಬರೆದು ಸೇರಿಸಿದರು. ಮಿರ್-208ಎ ಇರುವುದು ಹೃದಯದಲ್ಲಿ. ಹೃದಯಕ್ಕೆ ಹೋದ ಪ್ರತಿ ಅಲ್ಲಿಯೇ ತಡೆಯಲ್ಪಟ್ಟಿತು, ಕಾಲಿಗೆ ಹೋದದ್ದು ಕೆಲಸ ಮಾಡಿತು. 2013ರಲ್ಲಿ ಪ್ರಕಟವಾದ ಕೆಲಸ ಇದು. ಇಲ್ಲಿ ಮೈಕ್ರೊಆರ್‌ಎನ್‌ಎಯನ್ನು ಹಾಕಲೂ ಇಲ್ಲ, ತೆಗೆಯಲೂ ಇಲ್ಲ. ಅದು ಎಲ್ಲಿರುತ್ತದೆ ಅಂತ ಗೊತ್ತಿದ್ದದ್ದೇ ಲಾಭ ಆಯಿತು.

ಕೊನೆಗೆ ಬಂದ ಎರಡು ಪ್ರಶ್ನೆ. ಜಿಮ್ಮಿಗೆ ಹೋಗುವ ಹುಡುಗನೊಬ್ಬ, ಮಿರ್-206 ಏರಿಸುವ ಪುಡಿ ಸಿಗುತ್ತದಾ ಅಂತ ಕೇಳಿದ. ಇಲ್ಲ, ಹಾಗೆ ಮಾರಿದರೆ ಕೊಳ್ಳಬೇಡ. ವ್ಯಾಯಾಮದಿಂದ ಮಯೊಮಿರ್ ಬದಲಾಗುವುದು ನಿಜ. ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ 12 ವಾರ ಸೈಕಲ್ ತುಳಿದವರ ತೊಡೆ ಸ್ನಾಯುವಿನಲ್ಲಿ, ಸುಮ್ಮನಿದ್ದಾಗಿನ ಮಿರ್-1, 133, 206 ಎಲ್ಲ ಇಳಿದಿದ್ದವು, ಏರಿರಲಿಲ್ಲ. ತುಳಿಯುವುದು ನಿಲ್ಲಿಸಿದ ಮೇಲೆ ವಾಪಸ್ ಬಂದವು. ಇನ್ನೊಬ್ಬರು, ಡುಶೇನ್ ಇರುವ ಹುಡುಗನಿಗೆ ಹಾಗಾದರೆ ವ್ಯಾಯಾಮ ಒಳ್ಳೆಯದಾ ಅಂದರು. ನಾನು ಡಾಕ್ಟರಲ್ಲ, ಆದರೆ ಪೊರೆ ಹರಿಯುವ ಕಾರಣದಿಂದಲೇ ಹೇಳಬಹುದಾದ್ದು ಇಷ್ಟು. ಭಾರ ಎತ್ತುವುದು, ಮೆಟ್ಟಿಲು ಇಳಿಯುವುದನ್ನೇ ಮತ್ತೆ ಮತ್ತೆ ಮಾಡುವುದು, ಅಂದರೆ ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಂಥದ್ದು, ಬೇಡ. ನೀರಿನಲ್ಲಿ ಆಡುವುದು, ಕೀಲು ಬಿಗಿಯದ ಹಾಗೆ ದಿನಾ ಹಗುರವಾಗಿ ಎಳೆಯುವುದು ಸಾಮಾನ್ಯವಾಗಿ ಹೇಳಿಕೊಡುವಂಥವು. ಎಷ್ಟು ಹೊತ್ತು, ಯಾವ ವಯಸ್ಸಿನಲ್ಲಿ ಏನು ಅಂತ ಆ ಮಗುವನ್ನು ನೋಡಿದ ಫಿಸಿಯೋಥೆರಪಿಸ್ಟ್ ಹತ್ತಿರವೇ ಬರೆಸಿಕೊಳ್ಳಿ.